ಕುಚ್ಚುಮೀನಿನ ಬಾಯಲ್ಲಿ ನನ್ನ ಪತಂಗ

ಪತಂಗ ಕಟ್ಟಬೇಕಾದರೆ ಮೊದಲು ಒಂದು ಹುಂಜ ಸಾಯಬೇಕು. ಇದನ್ನು ಯಾವ ವಿಡಿಯೋದಲ್ಲೂ ಯಾರೂ ಹೇಳಿರಲಿಲ್ಲ. ಫೋನಿನಲ್ಲಿ ಯಾವುದೋ ಚಳಿ ದೇಶದ ಮುದುಕನ ಎರಡು ಕೈ ಮಾತ್ರ ಕಾಣುತ್ತಿದ್ದವು. ಅವನ ಗರಿಗಳು ಸಣ್ಣ ಪೊಟ್ಟಣಗಳಲ್ಲಿ ಬರುತ್ತಿದ್ದವು, ಯಾವತ್ತೂ ಕೋಳಿಯ ಮೈಮೇಲೆ ಇರಲೇ ಇಲ್ಲವೇನೋ ಅನ್ನುವಷ್ಟು ಚೊಕ್ಕ. ಮುದುಕ ಪುಟ್ಟ ಗಾಳವೊಂದಕ್ಕೆ ದಾರ ಸುತ್ತಿ, ಮೇಲೆ ಉಣ್ಣೆ ಸುತ್ತಿ, ರೆಕ್ಕೆ ಕೂರಿಸಿ, ಕೊನೆಗೆ ಒಂದು ಗರಿಯನ್ನು ಸುರುಳಿ ಸುತ್ತಿ ಗಂಟು ಹಾಕಿದರೆ ಪತಂಗ ತಯಾರು. ನೀರಿನ ಮೇಲೆ ಬಿಟ್ಟರೆ ತೇಲುತ್ತದೆ. ಅಲ್ಲಿಯ ಹೊಳೆಗಳಲ್ಲಿ ಟ್ರೌಟ್ ಅನ್ನುವ ಮೀನು ಬೇಸಿಗೆಯ ಸಂಜೆ ಅದನ್ನು ನಿಜವಾದ ಹುಳ ಅಂತ ನುಂಗುತ್ತದಂತೆ.

ನಮ್ಮ ಕಡೆ ಟ್ರೌಟ್ ಇಲ್ಲ. ಅದಕ್ಕೆ ತಣ್ಣೀರು ಬೇಕು. ನಮ್ಮ ಕೆರೆ ಯುಗಾದಿ ಕಳೆದರೆ ಎಮ್ಮೆಗೂ ಬಿಸಿ. ಆದರೆ ಕುಚ್ಚುಮೀನು ಇದೆ. ಹಾವಿನ ತಲೆ, ಒಳಕ್ಕೆ ಬಾಗಿದ ಹಲ್ಲು, ನೀರಿನ ಮೇಲೆ ಏನು ಅಲುಗಿದರೂ ಹೊಡೆಯುವ ಜಾತಿ. ಕಪ್ಪೆಯನ್ನು ಹೊಡೆಯುತ್ತದೆ, ಇಲಿಮರಿಯನ್ನು ಹೊಡೆಯುತ್ತದೆ, ತನ್ನ ಮರಿಗಳ ಹತ್ತಿರ ಕಾಲಿಟ್ಟರೆ ಮನುಷ್ಯನ ಹಿಮ್ಮಡಿಯನ್ನೂ ಬಿಡುವುದಿಲ್ಲ. ಹಾಗಿದ್ದ ಮೇಲೆ ಪತಂಗವನ್ನು ಯಾಕೆ ಹೊಡೆಯಬಾರದು? ಆಗಲ್ಲ ಬಿಡೋ, ಅದೆಲ್ಲ ಆ ದೇಶದ ಮೀನಿಗೆ ಅಂತ ಗೆಳೆಯನೊಬ್ಬ ಹೇಳಿದ. ಆಗಲ್ಲ ಅಂದವರನ್ನು ನಾನು ಸುಮ್ಮನೆ ಬಿಟ್ಟವನಲ್ಲ.

ಆ ಬೇಸಿಗೆ ನಾನು ಶಿಕಾರಿಪುರದಲ್ಲಿ ಡಿಗ್ರಿ ಮುಗಿಸಿ ಮನೆಯಲ್ಲಿದ್ದೆ. ಮೂರು ವರ್ಷ ಕಾಲೇಜಿನ ಪರವಾಗಿ ಚರ್ಚಾಸ್ಪರ್ಧೆಗಳಿಗೆ ಹೋಗಿದ್ದೆ. ಅಲ್ಲಿ ವಿಷಯದ ಪರ ಮಾತಾಡಬೇಕೋ ವಿರೋಧವೋ ಅನ್ನುವುದು ಚೀಟಿ ಎತ್ತಿದ ಮೇಲೆ ಗೊತ್ತಾಗುತ್ತದೆ. ಯಾವ ಚೀಟಿ ಬಂದರೂ ಗೆಲ್ಲುವುದು ರೂಢಿಯಾಗಿತ್ತು. ಮನೆಯಲ್ಲೂ ದೇವರ ವಿಷಯಕ್ಕೆ, ಮುಹೂರ್ತದ ವಿಷಯಕ್ಕೆ, ಕೊನೆಗೆ ಸಾರಿನ ಉಪ್ಪಿನ ವಿಷಯಕ್ಕೂ ಪಾಯಿಂಟ್ ಹಾಕುತ್ತಿದ್ದೆ. ಮೊದಲು ಉಣ್ಣು, ಆಮೇಲೆ ವಿರೋಧ ಮಾಡು ಅಂತ ಅವ್ವ ತಟ್ಟೆ ಮುಂದೆ ತಳ್ಳುತ್ತಿದ್ದಳು.

ಹುಂಜ ನಮ್ಮ ಮನೆಯದೇ. ಕೆಂದು ಬಣ್ಣ, ಕತ್ತಿನ ಗರಿ ಉದ್ದ. ಅಪ್ಪ ಕುತ್ತಿಗೆ ತಿರುವಿದ ಕೂಡಲೇ, ಬಿಸಿನೀರಿಗೆ ಅದ್ದಬೇಡಿ ಅಂತ ನಾನು ಅಡ್ಡ ನಿಂತೆ. ಬಿಸಿನೀರು ತಾಗಿದರೆ ಗರಿಯ ಎಳೆ ಮೆತ್ತಗಾಗಿಬಿಡುತ್ತದೆ, ನೀರಿನ ಮೇಲೆ ಕಾಲೂರಿ ನಿಲ್ಲುವುದಿಲ್ಲ. ತಲೆ ನನ್ನ ಅಂಗೈಯಲ್ಲಿ ಇನ್ನೂ ಅದುರುತ್ತಿತ್ತು. ಕಣ್ಣಿನ ರೆಪ್ಪೆ ಕೆಳಗಿನಿಂದ ಮೇಲಕ್ಕೆ ಬಂದು ಮುಚ್ಚಿತು. ಒಂದೊಂದು ಗರಿ ಕಿತ್ತಾಗಲೂ ಬೆಚ್ಚಗಿನ ಚರ್ಮ ಸ್ವಲ್ಪ ಮೇಲೆದ್ದು, ಆಮೇಲೆ ಬಿಟ್ಟುಕೊಡುತ್ತಿತ್ತು. ಅರ್ಧ ಗಂಟೆ ಕಿತ್ತೆ. ಉಗುರಿನ ಸಂದಿಯಲ್ಲಿ ರಕ್ತ ಒಣಗಿ ಕಪ್ಪಾಯಿತು.

ಗಾಳ ಹಿಡಿಯಲು ಮುದುಕನ ಹತ್ತಿರ ಮೇಜಿಗೆ ಬಿಗಿಯುವ ಉಪಕರಣವಿತ್ತು. ನಾನು ಅಪ್ಪನ ಪಂಪ್‌ಸೆಟ್ ಡಬ್ಬಿಯಿಂದ ಕಟಿಂಗ್ ಪ್ಲೇಯರ್ ತಂದು, ಹಿಡಿಕೆಗೆ ರಬ್ಬರ್ ಬ್ಯಾಂಡ್ ಸುತ್ತಿ, ಎರಡು ಇಟ್ಟಿಗೆಗಳ ನಡುವೆ ನಿಲ್ಲಿಸಿದೆ. ರಬ್ಬರ್ ಎರಡು ಸಲ ಹರಿಯಿತು. ಎರಡನೇ ಸಲ ಗಾಳ ಚಿಮ್ಮಿ ಹೆಬ್ಬೆರಳಿನ ಮಾಂಸದೊಳಗೆ ಪೂರ್ತಿ ಹೋಯಿತು. ಗಾಳದ ಮೊನೆಗೆ ಹಿಂಬದಿ ಮುಳ್ಳಿರುವುದರಿಂದ ಬಂದ ದಾರಿಯಲ್ಲಿ ಎಳೆಯಲು ಆಗುವುದಿಲ್ಲ. ಮುಂದಕ್ಕೇ ತಳ್ಳಿ, ಚರ್ಮ ಹರಿದು ಮೊನೆ ಹೊರಗೆ ಬಂದ ಮೇಲೆ ಅದನ್ನು ಕತ್ತರಿಸಬೇಕು. ಹಾಗೇ ಮಾಡಿದೆ. ಪಕ್ಕದಲ್ಲಿ ಕೂತು ನೋಡುತ್ತಿದ್ದ ತಂಗಿ ಎದ್ದು ಹೋದಳು. ಗಂಟು ಬಿಗಿಯಲು ನನಗೆ ಬೇಕಾಗಿದ್ದ ನೇಲ್ ಪಾಲಿಶ್ ಬಾಟಲಿಯನ್ನೂ ತಗೊಂಡು ಹೋದಳು.

ಮೊದಲು ಕಟ್ಟಿದ ಪತಂಗಗಳೆಲ್ಲ ಮುಳುಗಿದವು. ಉಣ್ಣೆಯನ್ನು ಸೋಪಿನಲ್ಲಿ ಚೆನ್ನಾಗಿ ತೊಳೆದು ಬಳಸಿದ್ದೆ. ನಮ್ಮದು ಕುರಿ ಸಾಕುವ ಮನೆ, ಆದರೂ ನನಗೆ ಹೊಳೆದಿರಲಿಲ್ಲ. ಅಜ್ಜಿ ಒಂದು ಪತಂಗ ಎತ್ತಿ ಹಿಂಡಿ ನೋಡಿ, ತೊಳೆದರೆ ಅದರ ಜಿಡ್ಡು ಹೋಗುತ್ತೆ, ಜಿಡ್ಡು ಹೋದರೆ ನೀರು ಕುಡಿಯುತ್ತೆ, ಕಂಬಳಿ ಹೊದ್ದು ಮಳೆಯಲ್ಲಿ ನಿಂತವರಿಗೆ ಕೇಳು ಅಂದಳು. ಕರಿ ಕುರಿಯ ಹೊಟ್ಟೆಯಡಿಯ ತೊಳೆಯದ ಉಣ್ಣೆ, ಗಬ್ಬು ವಾಸನೆಯದ್ದು, ತಂದು ಸುತ್ತಿದೆ. ಬಕೆಟ್ಟಿನಲ್ಲಿ ಬಿಟ್ಟರೆ ತೇಲಿತು. ಬೆರಳಿನಿಂದ ಅದುಮಿದರೂ ಮತ್ತೆ ಮೇಲೆ ಬಂತು.

ಇನ್ನು ಕೆರೆಯ ಮಾತು.

ನಮ್ಮೂರು ಶಿರಾಳಕೊಪ್ಪದಿಂದ ಸೊರಬದ ಬಸ್ಸು ಹತ್ತಿದರೆ ನಡುವೆ ಸಿಗುತ್ತದೆ. ಹೆಸರು ಬೇಡ. ಬೇಸಿಗೆಯಲ್ಲಿ ಕೆರೆಯ ನೀರು ಸೊಂಟಕ್ಕಿಳಿದಾಗ ಒಂದು ದಿನ ಗೊತ್ತು ಮಾಡಿ ಕೆರೆಬೇಟೆ ಮಾಡುತ್ತಾರೆ. ಸುತ್ತಲಿನ ಊರುಗಳಿಂದ ಜನ ಕೂಣಿ ಹೊತ್ತು ಬರುತ್ತಾರೆ. ಕೂಣಿ ಅಂದರೆ ಬಿದಿರಿನ ದಬ್ಬೆಯಲ್ಲಿ ಹೆಣೆದ, ಎರಡೂ ಕಡೆ ಬಾಯಿರುವ ಬುಟ್ಟಿ. ಅಗಲದ ಬಾಯನ್ನು ನೀರಿಗೆ ಒತ್ತಿ, ಮೇಲಿನ ಸಣ್ಣ ಬಾಯಿಂದ ಕೈ ಇಳಿಸಿ, ಒಳಗೆ ಸಿಕ್ಕ ಮೀನನ್ನು ಹಿಡಿಯುವುದು. ಬೇಟೆಗೆ ಹದಿನೈದು ದಿನ ಮೊದಲು ಡಂಗುರ ಸಾರುತ್ತಾರೆ: ಇವತ್ತಿನಿಂದ ಬಲೆ ಬೀಸಬಾರದು, ಎರೆಹುಳ ಚುಚ್ಚಿ ಗಾಳ ಹಾಕಬಾರದು, ಕೂಣಿ ಒತ್ತಬಾರದು. ಅಲ್ಲಿಂದ ಕೆರೆಗೆ ಕಟ್ಟು. ಅದೇ ದಿನ ನೀರಗಂಟಿ ಕೋಡಿಯ ಹತ್ತಿರ ಚೌಡಮ್ಮನ ಕಟ್ಟೆ ಮುಂದೆ ತೆಂಗಿನಕಾಯಿ ಮುಟ್ಟಿ ಆಣೆ ಇಡುತ್ತಾನೆ. ಕಟ್ಟು ಮುರಿದರೆ ಮುರಿದವನಿಗಿಂತ ಮೊದಲು ಅವನು ಉತ್ತರ ಕೊಡಬೇಕು.

ನೀರಗಂಟಿ ಅಂದರೆ ತೂಬು ಎತ್ತಿ ಗದ್ದೆಗೆ ನೀರು ಬಿಡುವವನು, ಕೆರೆ ಕಾಯುವವನು. ನೆಂಟನಲ್ಲದಿದ್ದರೂ ನಾನು ಅವನನ್ನು ಕಾಕಾ ಅನ್ನುತ್ತಿದ್ದೆ. ಅವನ ಅಪ್ಪನೂ ಅದೇ ಕೆಲಸ ಮಾಡಿದವನು. ಕಾಕಾನಿಗೆ ಸ್ವಂತ ಹೊಲವಿಲ್ಲ. ಕಣದಿಂದ ಬರುವ ಭತ್ತ, ಕೆರೆ ಅವನದು ಅನ್ನುವ ಮಾತು, ಇವೆರಡೇ ಅವನ ಆಸ್ತಿ. ಕೆರೆಯ ಮೇಲೆ ಸಂಜೆ ಯಾವ ಪತಂಗ ಬರುತ್ತದೆ ಅಂತ ನನಗೆ ತೋರಿಸಿದ್ದೂ ಅವನೇ. ಬೇಸಿಗೆಯ ನಡುವೆ ಅಡ್ಡಮಳೆ ಬಿದ್ದ ಮಾರನೇ ದಿನ ಮೆಕ್ಕೆಜೋಳದ ರಾಶಿಗಳ ಕಡೆಯಿಂದ ಬೂದುಕಂದು ಹುಳ ಬರುತ್ತವೆ. ನೀರಿಗೆ ಬಿದ್ದು, ರೆಕ್ಕೆ ಅಂಟಿ, ಅಲ್ಲೇ ಗಿರಗಿರನೆ ಸುತ್ತುತ್ತವೆ. ಆಮೇಲೆ ಕೆಳಗಿನಿಂದ ಲಬಕ್ ಅಂತ ಒಂದು ಸದ್ದು. ಉಂಗುರ ಹರಡುತ್ತದೆ. ಹುಳ ಇರುವುದಿಲ್ಲ.

ನನ್ನ ಪತಂಗ ತೇಲಲು ಕಲಿಯುವ ಹೊತ್ತಿಗೆ ಡಂಗುರ ಸಾರಿ ನಾಲ್ಕು ದಿನವಾಗಿತ್ತು. ಬಿದಿರಿನ ಕೋಲು, ಮೇಣ ತಿಕ್ಕಿದ ದಾರ, ತುದಿಗೆ ಒಂದು ಮೊಳ ತಂಗೂಸಿ, ಅಂದರೆ ನೈಲಾನ್ ಎಳೆ, ಹಿಡಿದು ಕೆರೆ ಏರಿಯ ಮೇಲೆ ಬಂದೆ. ಕಾಕಾ ದೂರದಿಂದಲೇ ಕೈ ಬೀಸಿ ಬೇಡ ಅಂದ. ನಾನು ಅವನ ಪಕ್ಕ ಕೂತು ಶುರು ಮಾಡಿದೆ. ಡಂಗುರದಲ್ಲಿ ಹೇಳಿದ್ದು ಮೂರು. ಇದು ಬಲೆಯಲ್ಲ. ಕೂಣಿಯಲ್ಲ. ಎರೆಹುಳವಂತೂ ಅಲ್ಲ, ಇದರಲ್ಲಿ ತಿನ್ನುವ ವಸ್ತುವೇ ಇಲ್ಲ, ಕೋಳಿ ಗರಿ ಮತ್ತು ಕುರಿ ಉಣ್ಣೆ. ಕಟ್ಟು ಹಾಕುವುದು ಮೀನು ಕಡಿಮೆಯಾಗಬಾರದು ಅಂತ. ನಾನು ಹಿಡಿದಿದ್ದನ್ನು ವಾಪಸ್ ಬಿಡುತ್ತೇನೆ. ಹಾಗಾದರೆ ಯಾವ ಕಟ್ಟು ಮುರಿಯಿತು?

ಕಾಕಾ ಬೀಡಿಯ ಬೂದಿ ಕೊಡವಿದ. ನಾನು ಆಣೆ ಇಟ್ಟೀನಿ ತಮ್ಮ ಅಂದ. ಆಣೆ ಯಾವ ಮಾತಿಗೆ ಇಟ್ಟಿಯೋ ಆ ಮಾತಿಗೆ ಮಾತ್ರ ಅಂದೆ. ಕಲ್ಲಿನ ಮುಂದೆ ಇಟ್ಟ ಆಣೆಗೆ ಅರ್ಥ ಏನು ಅಂತಲೂ ಒಂದು ಪಾಯಿಂಟ್ ಇತ್ತು, ಅದನ್ನು ಆವತ್ತು ಹಾಕಲಿಲ್ಲ, ಬೇಕಾಗಲಿಲ್ಲ. ಕಾಕಾನಿಗೆ ಉತ್ತರ ಹೊಳೆಯಲಿಲ್ಲ ಅಷ್ಟೇ. ಉತ್ತರ ಹೊಳೆಯದ್ದನ್ನು ನಾನು ಒಪ್ಪಿಗೆ ಅಂತ ಬರೆದುಕೊಂಡೆ.

ಐದು ಸಂಜೆ ಹಾಕಿದೆ. ಮೂರು ಕುಚ್ಚು ಹಿಡಿದು ಮೂರನ್ನೂ ಬಿಟ್ಟೆ. ಕುಚ್ಚು ಹೊಡೆಯುವುದು ನುಂಗಿದ ಹಾಗೆ ಇರುವುದಿಲ್ಲ, ಯಾರೋ ನೀರೊಳಗಿನಿಂದ ಕಲ್ಲು ಎಸೆದ ಹಾಗೆ. ಬಾಯಿ ಬಿಡಿಸಿ ಗಾಳ ತೆಗೆಯುವಾಗ ಅದು ನನ್ನ ತೋರುಬೆರಳನ್ನು ಗರಗಸದಂತೆ ಕೊಯ್ದಿತ್ತು. ಕಾಕಾ ನಗುತ್ತಾ ನನ್ನ ಬೆರಳಿಗೆ ಬೀಡಿ ಪುಡಿ ಒತ್ತಿದ್ದ. ಐದನೇ ಸಂಜೆ ತೂಬಿನ ಹತ್ತಿರ ದೊಡ್ಡದೊಂದು ಹೊಡೆಯಿತು. ಕೋಲು ಬಾಗಿ ನೀರು ಮುಟ್ಟಿತು. ಮೀನು ಎರಡು ಸಲ ಮೈ ಉರುಳಿಸಿತು, ತಂಗೂಸಿ ಅದರ ಹಲ್ಲಿಗೆ ಸಿಕ್ಕು ಪಟ್ಟನೆ ಹರಿಯಿತು. ಪತಂಗ ಅದರ ಬಾಯಲ್ಲೇ ಹೋಯಿತು.

ಕಾಕಾನ ನಗು ನಿಂತಿತು. ಗಾಳ ತುಕ್ಕು ಹಿಡಿದು ಬಿದ್ದುಹೋಗುತ್ತದೆ, ಓದಿದ್ದೇನೆ ಅಂತ ನಾನು ಹೇಳಿದೆ. ಎಷ್ಟು ದಿನಕ್ಕೆ ಅಂತ ಕೇಳಿದ. ಅದನ್ನು ಓದಿರಲಿಲ್ಲ.

ಬೇಟೆಗೆ ಆರು ದಿನವಿತ್ತು.

ಬೇಟೆಯ ದಿನ ಬೆಳಿಗ್ಗೆ ಏರಿಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಸೊರಬದ ಕಡೆಯಿಂದ ಮಿನಿಲಾರಿಗಳಲ್ಲಿ, ತೊಗರ್ಸಿ ಕಡೆಯಿಂದ ಬೈಕುಗಳಲ್ಲಿ ಜನ ಬಂದಿದ್ದರು. ಹಲಗೆ ಬಡಿದ ಕೂಡಲೇ ನೂರಾರು ಜನ ಒಟ್ಟಿಗೇ ನೀರಿಗೆ ಬಿದ್ದರು. ಕೂಣಿಗೆ ಕೂಣಿ ತಾಗಿತು. ಮುಂದೆ ಬಿದ್ದವನ ಬೆನ್ನ ಮೇಲೆ ಹಿಂದಿನವನು ಹತ್ತಿ ಹೋದ. ಒಬ್ಬನ ಹುಬ್ಬು ಬಿದಿರ ದಬ್ಬೆಗೆ ಸೀಳಿ ರಕ್ತ ಇಳಿಯುತ್ತಿದ್ದರೂ ಅವನು ಕೈಯನ್ನು ಬುಟ್ಟಿಯಿಂದ ತೆಗೆಯಲಿಲ್ಲ. ಕೆಸರು, ಬೈಗುಳ, ಮೀನಿನ ಹೊಡೆತ. ನಾನು ಏರಿಯ ಮೇಲೆ ನಿಂತು, ಇದಕ್ಕೆ ಹೋಲಿಸಿದರೆ ನನ್ನ ಪತಂಗ ಎಷ್ಟು ಮರ್ಯಾದಸ್ಥ ಅಂತ ಮನಸ್ಸಿನಲ್ಲೇ ಭಾಷಣ ಮಾಡುತ್ತಿದ್ದೆ.

ಮೊದಲ ಮೀನು ಚೌಡಮ್ಮನಿಗೆ. ಅದನ್ನು ಹಿಡಿದವನು ಸೊರಬದ ಕಡೆಯ ಎತ್ತರದ ಆಳು. ಕಿವಿರಿಗೆ ಬೆರಳು ಹಾಕಿ ತಲೆಯ ಮೇಲೆತ್ತಿ ಹಿಡಿದ. ದೊಡ್ಡ ಕುಚ್ಚು. ಜನ ಹೋ ಅಂದರು. ಕಟ್ಟೆಯ ಹತ್ತಿರ ಬಂದು ಮೀನನ್ನು ಇಳಿಸಿದವನು ಅದರ ಬಾಯಿ ನೋಡಿದ, ಇನ್ನೊಂದು ಸಲ ಬಾಗಿ ನೋಡಿದ. ಬಲಗಡೆ ಮೂಲೆಯಲ್ಲಿ ನನ್ನ ಪತಂಗ. ಕರಿ ಉಣ್ಣೆ, ಕೆಂದು ಗರಿ. ಆರು ದಿನ ನೀರಲ್ಲಿದ್ದರೂ ಗಂಟು ಬಿಚ್ಚಿರಲಿಲ್ಲ.

ಯಾರದೋ ಗಾಳಕ್ಕೆ ಆಗಲೇ ಸಿಕ್ಕಿದ್ದು, ದೇವರಿಗೆ ಎಂಜಲು ಮೀನು. ಮಾತು ಏರಿಯ ಈ ತುದಿಯಿಂದ ಆ ತುದಿಗೆ ಓಡಿತು. ಕೆರೆ ಕಮಿಟಿಗೆ ಹಿರಿಯ ನಮ್ಮ ದೊಡ್ಡಪ್ಪ, ಅಪ್ಪನ ಅಣ್ಣ. ಕಾಕಾನನ್ನು ಕರೆದು, ಯಾರು ಅಂತ ಕೇಳಿದ. ಕಾಕಾ ಮೀನನ್ನು ನೋಡಿದ. ನನ್ನನ್ನು ನೋಡಲಿಲ್ಲ. ಗೊತ್ತಿಲ್ಲ ಅನ್ನಲಿಲ್ಲ, ಗೊತ್ತು ಅನ್ನಲಿಲ್ಲ. ದೊಡ್ಡಪ್ಪ ಕೆನ್ನೆಗೆ ಹೊಡೆದ. ಅದು ಬಾಗಿಲು ತೆಗೆದ ಹಾಗಾಯಿತು. ನೀರಿನಿಂದ ಮೇಲೆ ಬಂದವರು ಕೂಣಿ ಹಿಡಿದೇ ಬಂದರು. ಒಬ್ಬ ಕೂಣಿಯನ್ನು ಕಾಕಾನ ತಲೆಯ ಮೇಲಿಂದ ಇಳಿಸಿ ಒತ್ತಿದ, ಮೀನಿಗೆ ಒತ್ತಿದ ಹಾಗೇ. ಭುಜದ ಚರ್ಮ ಎದ್ದಿತು. ಕೆಲವರು ನಕ್ಕರು.

ನಾನು ಮುಂದೆ ನುಗ್ಗಿದೆ. ಇಲ್ಲಿಯವರೆಗೆ ಹೇಳಿದರೆ ನಾನು ಒಳ್ಳೆಯವನಂತೆ ಕಾಣುತ್ತೇನೆ, ಆದ್ದರಿಂದ ಮುಂದೆ ಏನು ಹೇಳಿದೆ ಅನ್ನುವುದನ್ನೂ ಬರೆಯಬೇಕು.

ಒಂದು ನಿಮಿಷ ನಿಲ್ಲಿ ಅಂದೆ. ಮೊದಲನೆಯದಾಗಿ, ಮೀನಿನ ಬಾಯಲ್ಲಿ ಗಾಳ ಇದೆ ಅಂದ ಮಾತ್ರಕ್ಕೆ ಕಟ್ಟು ಮುರಿದಿದೆ ಅಂತ ಆಗುವುದಿಲ್ಲ. ಡಂಗುರಕ್ಕೆ ಮೊದಲೇ ಕಚ್ಚಿರಬಹುದು. ಕೆಲವರು ನಿಂತು ಕೇಳಿದರು. ನನ್ನ ದನಿ ವೇದಿಕೆಯ ದನಿ. ಎರಡನೆಯದಾಗಿ, ಇದರಲ್ಲಿ ಎರೆಹುಳ ಇಲ್ಲ, ಗರಿ ಮಾತ್ರ; ಡಂಗುರದಲ್ಲಿ ಗರಿಯ ಮಾತೇ ಬಂದಿಲ್ಲ. ಎರಡನೆಯ ಮಾತು ಮುಗಿಸಿ ಮೂರನೆಯದಕ್ಕೆ ಉಸಿರು ತಗೊಂಡಾಗ, ನನ್ನ ಎಡಗಡೆ ಒಣಕಟ್ಟಿಗೆ ಮುರಿದಂಥ ಸದ್ದಾಯಿತು. ಕೂಣಿಯ ಒತ್ತಿಗೆ ಕುಸಿದಿದ್ದ ಕಾಕಾ ಏಳಲು ಬಲಗೈ ನೆಲಕ್ಕೂರಿದ್ದ. ಯಾರೋ ಅದರ ಮೇಲೆ ಕಾಲಿಟ್ಟು ತಿರುಗಿಸಿದ್ದ. ಕಾಕಾ ಬಾಯಿ ತೆರೆದು ಮುಚ್ಚಿದ.

ಆಗ ಹೇಳಿದೆ. "ಅದು ನಂದು. ನಾನು ಕಟ್ಟಿದ್ದು, ನಾನೇ ಹಾಕಿದ್ದು."

ದೊಡ್ಡಪ್ಪ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಸುಮ್ಮನಿರು. ನಿಂದಲ್ಲ ಅದು," ಅಂದ. ಅದು ಗದರಿಕೆಯಲ್ಲ, ತೀರ್ಮಾನ. ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಕಪ್ಪುಗಳನ್ನು ತನ್ನ ಪಡಸಾಲೆಯಲ್ಲಿಟ್ಟುಕೊಂಡವನು ಅವನು. ನಮ್ಮ ಮನೆಯ ಹುಡುಗನ ಮಾತು ಸುಳ್ಳಾಗುವುದು ಊರಿಗೂ ಅನುಕೂಲವಾಗಿತ್ತು. ಹುಡುಗ ಕನಿಕರಕ್ಕೆ ಹೇಳ್ತಾನೆ ಅಂತ ಯಾರೋ ಅಂದರು. ಇನ್ನೊಬ್ಬ ಆಗಲೇ ಮತ್ತೆ ಕೂಣಿ ಎತ್ತಿದ್ದ.

ನನ್ನನ್ನು ನಂಬುವ ಗರಜು ಇದ್ದವನು ಒಬ್ಬನೇ, ಮೀನು ಹಿಡಿದ ಆ ಸೊರಬದ ಆಳು. ಅವನ ಮೊದಲ ಮೀನು ಹಾಳಾಗಿತ್ತು, ಅವನಿಗೆ ನಮ್ಮೂರ ಮನೆತನಗಳ ಲೆಕ್ಕ ಬೇಕಿರಲಿಲ್ಲ.

"ಎಂತ ಮಾರಾಯ, ಬಾಯಲ್ಲಿ ಯಾರು ಬೇಕಾದ್ರೂ ಹೇಳ್ತಾರೆ," ಅಂದ. "ನಿಂದೇ ಆದ್ರೆ ಇಲ್ಲೇ ಕಟ್ಟು, ನೋಡಣ."

ಪತಂಗ ಕಟ್ಟುವ ಸಾಮಾನಿನ ಚೀಲ ಹೆಗಲಲ್ಲೇ ಇತ್ತು. ಕಟ್ಟೆಯ ಮೇಲೆ ಕೂತೆ. ಪ್ಲೇಯರ್ ಅನ್ನು ಎರಡು ಮೊಣಕಾಲ ನಡುವೆ ಸಿಕ್ಕಿಸಿ ಗಾಳ ಕಚ್ಚಿಸಿದೆ. ಸುತ್ತಲೂ ಕೆಸರು ಮೆತ್ತಿದ ಕಾಲುಗಳು. ದಾರ ಎರಡು ಸಲ ಹರಿಯಿತು. ಸುಳ್ಳು ಬಿಡಪ್ಪ ಅಂತ ಒಂದು ದನಿ. ಕಾಕಾನನ್ನು ಇಬ್ಬರು ರಟ್ಟೆ ಹಿಡಿದು ನಿಲ್ಲಿಸಿದ್ದರು. ಅವನ ಬೆರಳುಗಳು ಬೇರೆ ಯಾರದೋ ಕೈಯವು ಅನ್ನುವ ಹಾಗೆ ಪಕ್ಕಕ್ಕೆ ತಿರುಗಿದ್ದವು. ಉಣ್ಣೆ ಎಳೆ ತೆಗೆದು ದಾರಕ್ಕೆ ಹೊಸೆದೆ, ಸುತ್ತಿದೆ. ರೆಕ್ಕೆ ಕೂರಿಸಿದೆ. ಗರಿಯ ತುದಿ ಹಿಡಿದು ಸುರುಳಿ ಸುತ್ತಿದೆ, ಎಳೆಗಳು ಒಂದೊಂದಾಗಿ ಎದ್ದು ನಿಂತವು. ಗಂಟು ಹಾಕಿ ಹಲ್ಲಿನಿಂದ ದಾರ ಕಡಿದೆ. ನನ್ನ ಜೀವನದಲ್ಲಿ ಅಷ್ಟು ಅಚ್ಚುಕಟ್ಟಾದ ಪತಂಗವನ್ನು ಮತ್ತೆ ಕಟ್ಟಿಲ್ಲ. ಆ ಆಳು ಅದನ್ನು ಮೀನಿನ ಬಾಯಿಯ ಪಕ್ಕ ಹಿಡಿದು ಹೋಲಿಸಿದ. ದೇವರ ಮುಂದಿನ ತಂಬಿಗೆಯ ನೀರೊಳಗೆ ಹಾಕಿದ. ಅದುಮಿದ. ಮೇಲೆ ಬಂತು.

ಆಮೇಲೆ ನನಗೂ ಬಿತ್ತು. ಕೆಳದವಡೆಯ ಎರಡು ಹಲ್ಲು ಅಲ್ಲೇ ಕಟ್ಟೆಯ ಕೆಳಗೆ ಎಲ್ಲೋ ಇವೆ. ಆದರೆ ದೊಡ್ಡಪ್ಪನ ಮುಖ ನೋಡಿ ಬೇಗ ನಿಲ್ಲಿಸಿದರು. ಕಾಕಾನಿಗೆ ಹೊಡೆಯುವಾಗ ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ.

ಶಿಕಾರಿಪುರಕ್ಕೆ ಕರೆದುಕೊಂಡು ಹೋಗಿ ಕಾಕಾನ ಕೈಗೆ ಪ್ಲಾಸ್ಟರ್ ಹಾಕಿಸಿದೆವು. ಮೂಳೆ ಕೂಡಿತು, ಎರಡು ಬೆರಳು ಮಡಚಲಿಲ್ಲ. ತೂಬು ಎತ್ತುವ ಕೆಲಸ ಬೇರೆಯವರಿಗೆ ಹೋಯಿತು. ಕಾಕಾ ಮನೆ ಮುಂದೆ ಕೂತು ಎಡಗೈಯಲ್ಲಿ ಬೀಡಿ ಹಚ್ಚಲು ಕಲಿಯುತ್ತಿದ್ದ. ನನ್ನ ಹೆಸರು ಯಾಕೆ ಹೇಳಲಿಲ್ಲ ಅಂತ ಒಂದು ದಿನ ಕೇಳಿದೆ.

"ನೀನೇ ಹೇಳ್ತಿ ಅಂತ ಕಾದೆ ತಮ್ಮ," ಅಂದ. "ಮಾತು ಬಲ್ಲಾಂವ ನೀನು. ಭಾಳ ಹೊತ್ತು ತಗೊಂಡಿ."

ಮೊದಲೇ ಹೇಳಿದ್ದರೂ ಹೊಡೆಯುತ್ತಿದ್ದರು ಅನ್ನುವ ಉತ್ತರ ನನ್ನ ಹತ್ತಿರ ಇತ್ತು. ಈಗಲೂ ಇದೆ, ತರ್ಕಕ್ಕೆ ಸರಿಯಾಗಿಯೇ ಇದೆ. ಹೇಳಲಿಲ್ಲ.

ಈ ವರ್ಷ ಡಂಗುರಕ್ಕೆ ಮೊದಲು ಕಮಿಟಿ ಸಭೆ ಸೇರಿತು. ನೀರಗಂಟಿ ಕೆಲಸ ಕಾಕಾನಿಗೆ ವಾಪಸ್ ಕೊಡಬೇಕು ಅಂತ ಕೇಳಲು ನಾನು ಆರು ಪಾಯಿಂಟ್ ಬರೆದುಕೊಂಡು ಹೊರಟಿದ್ದೆ. ಬಾಗಿಲಲ್ಲಿ ಕಾಕಾ ಆ ಹಾಳೆ ಇಸಿದುಕೊಂಡು, ಅದಕ್ಕೆ ಬೆಂಕಿ ಕೊಟ್ಟು ಬೀಡಿ ಹಚ್ಚಿದ. ಹೋಗಿ ಮಾತಾಡು, ವಾದ ಮಾಡಬ್ಯಾಡ ಅಂದ. ಹೋಗಿ ಮೂರೇ ಮಾತು ಹೇಳಿದೆ. ತಪ್ಪು ನಂದು. ಕಾಕಾ ಬೇಡ ಅಂದಿದ್ದ. ನಾನೇ ಮಾತಾಡಿ ಅವನ ಬಾಯಿ ಕಟ್ಟಿದೆ.

ಹಿಂದೆ ಕೂತಿದ್ದ ಒಬ್ಬ ಮುದುಕ, "ಹಂಗಾದ್ರ ಈ ಸಲ ಅವನ ಜೊತಿಗೆ ಈ ವಕೀಲನೂ ಕಾಯಿ ಮುಟ್ಟಲಿ," ಅಂದ. ಜನ ನಕ್ಕರು. ನಾನು ದೇವರನ್ನು ನಂಬುವುದಿಲ್ಲ ಅನ್ನುವುದು ಆ ಸಭೆಯಲ್ಲಿ ಎಲ್ಲರಿಗೂ ಗೊತ್ತು. ನಾನೇ ಎಲ್ಲರಿಗೂ ಹೇಳಿದ್ದೆ. ದೊಡ್ಡಪ್ಪ ನನ್ನ ಕಡೆ ನೋಡಿ, ಏನಂತಿ ಅಂತ ಕೇಳಿದ. ಕಲ್ಲಿನ ಮುಂದಿನ ಆಣೆಯ ಬಗ್ಗೆ ಆವತ್ತು ಉಳಿಸಿಕೊಂಡಿದ್ದ ಪಾಯಿಂಟ್ ಬಾಯಿಯವರೆಗೆ ಬಂತು. ಹಲ್ಲಿಲ್ಲದ ಜಾಗಕ್ಕೆ ನಾಲಗೆ ಹೋಯಿತು. ಮುಟ್ಟುತ್ತೇನೆ ಅಂದೆ.

ಚೌಡಮ್ಮನ ಕಟ್ಟೆ ಮುಂದೆ ಕಾಯಿಯ ಮೇಲೆ ಕಾಕಾ ಮಡಚದ ಕೈ ಇಟ್ಟ, ಅದರ ಪಕ್ಕ ನಾನು ಇಟ್ಟೆ. ನನಗೆ ಏನೂ ಅನ್ನಿಸಲಿಲ್ಲ. ಕಲ್ಲು ಕಲ್ಲೇ, ಈಗಲೂ ಹಾಗೇ ಹೇಳುತ್ತೇನೆ. ಆದರೆ ತೂಬಿನ ಸಲಾಕೆ ಕಾಕಾನ ಒಂದು ಕೈಗೆ ಏಳುವುದಿಲ್ಲ, ಆದ್ದರಿಂದ ದಿನಾ ನಾನು ಹೋಗಿ ಎತ್ತುತ್ತೇನೆ. ಸಂಜೆ ಏರಿಯ ಮೇಲೆ ಇಬ್ಬರೂ ಕೂರುತ್ತೇವೆ. ನಿನ್ನೆ ಅಡ್ಡಮಳೆ ಬಿತ್ತು. ಇವತ್ತು ಬೂದುಕಂದು ಹುಳ ಬಂದವು, ಒಂದು ತೂಬಿನ ಹತ್ತಿರ ಬಿದ್ದು ಸುತ್ತತೊಡಗಿತು. ನನ್ನ ಬೆರಳು ತಾನಾಗಿಯೇ ಚೀಲದ ಕಡೆ ಹೋಯಿತು. ಚೀಲ ತಂದಿರಲಿಲ್ಲ.

ಕಾಕಾ ನೀರು ನೋಡುತ್ತಲೇ, "ಇದು ಬಲೆ ಅಲ್ಲ, ಕೂಣಿ ಅಲ್ಲ ಅಂತ ಒಂದು ಮಾತಿತ್ತಲ್ಲ, ಅದು ಈಗೇನಾತು?" ಅಂದ.

ಲಬಕ್ ಅಂತ ಕೇಳಿಸಿತು. ದೊಡ್ಡ ಮೀನೇ ಇರಬೇಕು.